ಸೌಟು ಹಿಡಿದ ಕೈ

ಬುಕ್ಕಸಾಗರ
20 ಮೇ 2024

ನಾಗುವಿನ ಅಪ್ಪನಿಗೆ,

ಮೊದಲು ನಿಮಗೆ ಬೇಕಾದ ಸುದ್ದಿ. ಮಗಳು ಐದೂವರೆ ಕೆ.ಜಿ. ಆಗಿದ್ದಾಳೆ. ಹೊಸಪೇಟೆಯ ಡಾಕ್ಟರು ತೂಗಿ ನೋಡಿ "ಬೆಸ್ಟ್" ಅಂದರು. ಇನ್ನೊಮ್ಮೆ ತೂಗಿ ಸರ್ ಅಂದೆ. ತೂಗಿದರು. ಮತ್ತೆ ಅಷ್ಟೇ ಬಂತು. "ಕೂಸು ಆರಾಮ ಐತಮ್ಮ. ನೀವೇ ಸ್ವಲ್ಪ ಮಲಗ್ರಿ" ಅಂದರು. ಮಲಗುವುದು ಹೇಗೆ? ಅವಳು ಉಸಿರಾಡುವುದನ್ನು ಎಣಿಸುತ್ತೇನೆ. ಎಣಿಕೆ ತಪ್ಪಿದರೆ ಮೊದಲಿನಿಂದ ಶುರು. ಬಿ.ಎಸ್ಸಿ. ಓದಿದ್ದೇ ತಪ್ಪಾಯಿತೇನೋ. ಓದದವರಿಗೆ ಸೊಳ್ಳೆ ಬರೀ ಸೊಳ್ಳೆ, ನನಗೆ ಅದರ ಹೊಟ್ಟೆಯಲ್ಲಿರುವವರ ಹೆಸರೆಲ್ಲ ಗೊತ್ತು.

ಭಾನುವಾರ ನಿಮ್ಮ ಠಾಣೆಯ ಫೋನಿನಲ್ಲಿ ಸಿಗುವ ಮೂರು ನಿಮಿಷ "ಆರಾಮಾ?" "ಆರಾಮ" "ಊಟಾಯ್ತಾ?" ಅನ್ನುವಷ್ಟರಲ್ಲಿ ಮುಗಿದುಹೋಗುತ್ತದೆ. ಆಮೇಲೆ ವಾರವಿಡೀ, ಊಟವಾಯಿತು ಅಂದರಲ್ಲ, ಏನು ಊಟ, ಬಿಸಿಯಿತ್ತೋ ಇಲ್ಲವೋ ಅಂತ ಯೋಚಿಸುತ್ತಾ ಕೂರುತ್ತೇನೆ. ನನ್ನ ಮುಖ ನೋಡಿ ಮಾವನೇ ಹೇಳಿದರು: "ಕಾಗದ ಬರಿಯವ್ವಾ. ಫೋನಿನ ಮಾತು ಗಾಳಿಗೆ ಹೋಕ್ಕಾವು. ಕಾಗದ ಆದ್ರ ಕಿಸೆದಾಗ ಇಟ್ಕಂಡು ನಾಕು ಸಲ ಓದ್ತಾನ."

ಮಾವನ ಚಹಾ ಮೊದಲಿನಂತೆಯೇ ನಡೆದಿದೆ. ಬೆಳಕು ಹರಿಯುವ ಮೊದಲೇ ಅಂಗಳದಲ್ಲಿ ಸ್ಟೋವ್ ಬುಸುಗುಡುತ್ತದೆ. ಇಪ್ಪತ್ತು ಲೋಟಕ್ಕಿಂತ ಕಡಿಮೆ ಮಾಡಲು ಅವರಿಗೆ ಬರುವುದೇ ಇಲ್ಲ. ಬಾಳೆ ತೋಟದ ಕೆಲಸಕ್ಕೆ ಹೋಗುವ ಭೀಮವ್ವನ ಗುಂಪು ಕಟ್ಟೆಯ ಮೇಲೆ ಸಾಲಾಗಿ ಕೂತು ಕುಡಿದು, ಲೋಟ ತೊಳೆದು ಬೋರಲು ಹಾಕಿ ಹೋಗುತ್ತದೆ. ಲೋಟ ತೊಳೆಯದೆ ಹೋಗುವ ಹಾಗಿಲ್ಲ, ಅದು ಮಾವನ ಕಾನೂನು. ಅತ್ತೆ ದಿನವೂ ಅನ್ನುತ್ತಾರೆ: "ಮನುಷ್ಯ ರಿಟೈರ್ ಆದ, ಅಳತಿ ರಿಟೈರ್ ಆಗ್ಲಿಲ್ಲ. ನನ್ನ ಎಮ್ಮಿ ಹಾಲೆಲ್ಲ ಓಣಿ ಪಾಲು."

ಇನ್ನೊಂದು ದೊಡ್ಡ ಸುದ್ದಿ. ನಿಮ್ಮ ಜೊತೆ ಶಾಲೆಯಲ್ಲಿ ಓದಿದ, ಯುವಕ ಸಂಘದ ಲಿಂಗರಾಜ್ ಬಂದಿದ್ದ. ಜುಲೈ 26ಕ್ಕೆ ಕಾರ್ಗಿಲ್ ದಿನ, ಹೈಸ್ಕೂಲಿನ ಮೈದಾನದಲ್ಲಿ ಮಾವನಿಗೆ ಸನ್ಮಾನವಂತೆ. "ಇಡೀ ಊರಿಗೆ ಕಾರ್ಗಿಲ್ ಕಂಡಾರು ನೀವೊಬ್ರೇ ಮಾಮ. ಶಾಲು, ಹಾರ, ಎಲ್ಲಾ ನಮ್ದು. ನೀವು ಹತ್ತು ನಿಮಿಷ ಯುದ್ಧದ ಕಥಿ ಹೇಳಿದ್ರ ಸಾಕು" ಅಂದ. ಮಾವ "ನೋಡಾಣ" ಅಂದು ಒಳಗೆ ಹೋಗಿ, ಆಗಲೇ ತೊಳೆದಿಟ್ಟಿದ್ದ ಪಾತ್ರೆಯನ್ನು ಮತ್ತೊಮ್ಮೆ ತೊಳೆದರು.

ಲಿಂಗರಾಜನಿಗೆ ಫ್ಲೆಕ್ಸಿಗೆ ಫೋಟೋ ಬೇಕಂತೆ. ಟ್ರಂಕಿನಲ್ಲಿ ಹುಡುಕಿದೆ. ಸಿಕ್ಕಿದ್ದು ಒಂದೇ. ಹಿಮ, ಮಾವ ಉಣ್ಣೆ ಟೋಪಿ ಹಾಕಿಕೊಂಡು ನಗುತ್ತಿದ್ದಾರೆ, ಎಡಗೈಯ ಬೆರಳೆಲ್ಲ ಆಗಿನ್ನೂ ಪೂರ್ತಿ ಇವೆ. ಆದರೆ ಮೇಲೆತ್ತಿದ ಬಲಗೈಯಲ್ಲಿ ಒಂದು ಮಾರುದ್ದದ ಸೌಟು! ಪಕ್ಕದಲ್ಲಿ ಕೊಪ್ಪರಿಗೆ, ಹಿಂದೆ ತಟ್ಟೆ ಹಿಡಿದ ಜವಾನರು. ನಿಮ್ಮಪ್ಪ ಫಿರಂಗಿ ಹಾರಿಸುತ್ತಿದ್ದರು ಅಂತಲ್ಲವೇ ನೀವು ಹೇಳಿದ್ದು? ಅತ್ತೆಯನ್ನು ಕೇಳಿದರೆ ಮುಸಿಮುಸಿ ನಕ್ಕು, "ಅದನ್ನ ನಿನ್ನ ಗಂಡನ್ನ ಕೇಳು" ಅಂದರು. ಕೇಳುತ್ತಿದ್ದೇನೆ.

ನಿದ್ದೆಗೆ ಕಾದಿರುವ,
ಪಲ್ಲವಿ


ಮೇಲಿನ ಠಾಣೆ
11 ಜೂನ್ 2024

ನಾಗುವಿನ ಅವ್ವನಿಗೆ,

ರೇಷನ್ನಿನ ಜೊತೆ ನಿನ್ನ ಕಾಗದ ಮೇಲೆ ಬಂತು. ಅಪ್ಪ ನಾಲ್ಕು ಸಲ ಅಂದಿದ್ದಾನೆ, ನಾನು ಆಗಲೇ ಏಳು ಸಲ ಓದಿದೆ. ಐದೂವರೆ ಕೆ.ಜಿ. ಅಂತ ಇಲ್ಲಿ ಎಲ್ಲರಿಗೂ ಹೇಳಿದೆ. ಒಬ್ಬ ಅಷ್ಟೇ ತೂಕದ ಅಕ್ಕಿಯ ಚೀಲ ತಂದು ನನ್ನ ಕೈಗಿಟ್ಟು "ತಗೋ, ಎತ್ತಿಕೊಂಡು ಆಡಿಸು" ಅಂದ. ಎಲ್ಲರೂ ನಕ್ಕರು. ನಾನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದೆ.

ಊಟದ ಚಿಂತೆ ಬಿಡು. ನಮ್ಮ ಅಡುಗೆಯ ನೇಗಿ ಗಡ್ವಾಲ್ ಕಡೆಯವನು. ಇಲ್ಲಿ ಏನೂ ಬೇಗ ಬೇಯುವುದಿಲ್ಲ. ಅವನು ಸ್ಟೋವಿಗೆ ಬೈಯುತ್ತಾನೆ, ಸ್ಟೋವ್ ಅವನಿಗೆ ಬೈಯುತ್ತದೆ, ಕೊನೆಗೆ ಹೇಗೋ ಬಿಸಿ ಅನ್ನ ಬರುತ್ತದೆ. ಚಹಾದಲ್ಲಿ ಸೀಮೆಎಣ್ಣೆಯ ವಾಸನೆ ಇರುತ್ತದೆ, ಅಭ್ಯಾಸವಾಗಿದೆ.

ನೀನು ಮಧ್ಯಾಹ್ನವಾದರೂ ಮಲಗು. ಕೂಸನ್ನು ಅವ್ವನ ಕೈಗೆ ಕೊಡು. ಅವ್ವ ನನ್ನನ್ನು ಬೆಳೆಸಿದವಳು, ನಾನು ಬದುಕಿದ್ದೇನಲ್ಲ.

ಫೋಟೋದ ವಿಷಯ ಆಮೇಲೆ ಬರೆಯುತ್ತೇನೆ.

ನಿನ್ನ,
ಹಾಲೇಶ್


ಬುಕ್ಕಸಾಗರ
14 ಜುಲೈ 2024

ನಾಗುವಿನ ಅಪ್ಪನಿಗೆ,

ನಾಗು ಬೋರಲು ಬಿದ್ದಳು! ಕೈ ಅಡಿಯಲ್ಲಿ ಸಿಕ್ಕಿಕೊಂಡಿತು, ನಾನು ಕಿರುಚಿದೆ, ಅವಳು ನಕ್ಕಳು. ಆ ನಗು ನಿಮ್ಮದೇ. ಏನೋ ತಪ್ಪು ಮಾಡಿ ಮುಚ್ಚಿಡುವಾಗ ನಗುತ್ತೀರಲ್ಲ, ಆ ನಗು.

ಈ ಸಲ ತಪ್ಪು ಮಾಡಿದವಳು ನಾನು. ಬೈಯಬೇಡಿ, ಪೂರ್ತಿ ಓದಿ.

ಲಿಂಗರಾಜ್ ಫೋಟೋಕ್ಕೆ ಮೂರು ಸಲ ಬಂದ. "ಯೋಧರ ಫೋಟೋ ಅಂದ್ರ ಗತ್ತು ಇರ್ಬೇಕಕ್ಕ" ಅಂದ. ಕೊಪ್ಪರಿಗೆಯ ಮುಂದೆ ಸೌಟು ಹಿಡಿದು ನಿಂತದ್ದು ಕೊಟ್ಟರೆ ಜನ ಏನಂದಾರು ಅನ್ನಿಸಿತು. ಹೌದು, ನನಗೆ ಹಾಗೆ ಅನ್ನಿಸಿತು. ಮೊಬೈಲಿನಲ್ಲಿ ಸೌಟು, ಕೊಪ್ಪರಿಗೆ, ತಟ್ಟೆಯವರನ್ನು ಕತ್ತರಿಸಿ, ಮುಖ ಮತ್ತು ಎತ್ತಿದ ಕೈ ಮಾತ್ರ ಉಳಿಸಿ ಕಂಪ್ಲಿಯ ಫ್ಲೆಕ್ಸ್ ಅಂಗಡಿಯ ಅಂಜಿನಿಗೆ ಕಳಿಸಿದೆ. ಕೈ ಮೇಲೆತ್ತಿದೆ, ಹಿಡಿದದ್ದು ಏನೂ ಇಲ್ಲ. ಅಂಜಿನಿ ಖಾಲಿ ಕೈ ಚೆನ್ನಾಗಿ ಕಾಣಲ್ಲ ಅಂತ ಅದಕ್ಕೊಂದು ಮಷಿನ್ ಗನ್ ಕೊಟ್ಟಿದ್ದಾನೆ. ಹಿಂದೆ ಬೆಂಕಿ, ಮೇಲೆ ಎರಡು ವಿಮಾನ, ಮೂಲೆಯಲ್ಲಿ ಹುಲಿ. ಹುಲಿ ಯಾಕೆ ಅಂತ ಕೇಳಿದ್ದಕ್ಕೆ "ಜಾಗ ಉಳದಿತ್ತಕ್ಕ" ಅಂದ.

ಬಸ್ ಸ್ಟಾಪಿನಲ್ಲಿ ಹನ್ನೆರಡು ಅಡಿಯ ಫ್ಲೆಕ್ಸ್ ನಿಂತಿತು. ಮಾವ ಪೇಪರ್ ತರಲು ಹೋದವರು ಪೇಪರ್ ಇಲ್ಲದೆ ಬಂದರು. ಚೀಲವನ್ನು ಮೊಳೆಗೆ ಸಿಕ್ಕಿಸಿ, ಅಂಗಳದ ಸ್ಟೋವಿನ ಮೇಲೆ ಗೋಣಿಚೀಲ ಹೊದಿಸಿದರು.

ಮರುದಿನ ಚಹಾ ಇಲ್ಲ. ಅದರ ಮರುದಿನವೂ ಇಲ್ಲ. ಭೀಮವ್ವನ ಗುಂಪು ನಾಟಿಗೆ ಹೊರಟದ್ದು ಕಟ್ಟೆಯ ಹತ್ತಿರ ನಿಂತು ಹಾಗೇ ಹೋಯಿತು. ಭೀಮವ್ವ ಕಿಟಕಿಯಿಂದ ನನ್ನನ್ನು ಕರೆದು, "ಏನವ್ವಾ, ಮಿಲ್ಟ್ರಿಯಪ್ಪಗ ಮೈಯಾಗ ಆರಾಮಿಲ್ಲೇನು? ಚಾ ಇಲ್ಲದ ಓಣಿ ಸಾವಾದ ಮನಿಯಂಗ ಕಾಣ್ತತಿ" ಅಂದಳು.

ಏಳನೇ ದಿನ ನಾನು ತಡೆಯಲಾರದೆ ಮಾವನ ಎದುರು ಹೋಗಿ ಕೂತೆ. ಫೋಟೋ ಕತ್ತರಿಸಿದವಳು ನಾನೇ ಮಾವ ಅಂದೆ. ಅವರು ಬೈಯಲಿಲ್ಲ. ನಾಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಅವಳಿಗೇ ಹೇಳುವವರ ಹಾಗೆ ಹೇಳಿದರು:

"ನಾನು ಲಂಗರಿನಾಗಿದ್ದೆ ನಾಗಮ್ಮ. ಮಿಲ್ಟ್ರಿಯಾಗ ಅಡಗಿಮನಿಗೆ ಹಂಗಂತಾರ. ಬಂದೂಕು ಹಿಡದು ಮ್ಯಾಲೆ ಹೋಗೋ ಹುಡುಗ್ರು ನನ್ನ ಕೈಯಾಗ ಉಂಡು, ತಟ್ಟಿ ತೊಳದಿಟ್ಟು ಹೋಗೋರು. ಒಂದು ದಿನ ಆರು ಮಂದಿ ಅವಸರದಾಗ ತಟ್ಟಿ ಹಂಗೇ ಬಿಟ್ಟು, 'ಬಂದು ತೊಳಿತೀವಿ ದಾದಾ' ಅಂದು ಹೋದ್ರು. ಬರ್ಲಿಲ್ಲ. ಆ ತಟ್ಟಿ ನಾನೇ ತೊಳದೆ. ಅವರ ಬಂದೂಕು ತಂದು ನನ್ನ ಕೈಯಾಗ ಇಟ್ಟಾರಲ್ಲ. ನಾ ಹೆಂಗ ಹಿಡಕಳ್ಳಿ?"

ಹಾಗಾದರೆ ವೇದಿಕೆಯ ಮೇಲೆ ಇದನ್ನೇ ಹೇಳಿ ಮಾವ ಅಂದೆ. ತಲೆ ಅಲ್ಲಾಡಿಸಿದರು. "ಅದು ಆಗಂಗಿಲ್ಲ. ಅದರಾಗ ಇನ್ನೊಬ್ಬರ ಮರ್ಯಾದಿ ಐತಿ." ಯಾರದು ಅಂದರೆ ನಾಗುವನ್ನು ನನ್ನ ಕೈಗಿಟ್ಟು ಎದ್ದುಹೋದರು.

ನೀವು "ಆಮೇಲೆ ಬರೆಯುತ್ತೇನೆ" ಅಂದದ್ದು ನೆನಪಾಯಿತು. ಆ ಆಮೇಲೆ ಈಗ ಬಂದಿದೆ.

ತಪ್ಪೊಪ್ಪಿಕೊಂಡ,
ಪಲ್ಲವಿ


ಬುಕ್ಕಸಾಗರ
27 ಜುಲೈ 2024

ನಾಗುವಿನ ಅಪ್ಪನಿಗೆ,

ನಿಮ್ಮ ಉತ್ತರ ಇನ್ನೂ ಬಂದಿಲ್ಲ. ಮೇಲಕ್ಕೆ ಹೋಗುವ ದಾರಿ ಮುಚ್ಚಿದೆಯೋ, ಅಥವಾ ಬೇರೆ ಏನಾದರೂ... ಬೇಡ. ಭಾನುವಾರ ನಿಮ್ಮ ದನಿ ಕೇಳಿದ್ದೇನೆ, ಸಾಕು. ಅದನ್ನೇ ಹಿಡಿದುಕೊಂಡಿದ್ದೇನೆ.

ನಗುವ ಸುದ್ದಿ ಹೇಳುತ್ತೇನೆ. ನಿಮ್ಮ ಅಪ್ಪ ಓಡಿಹೋದರು!

ನಿನ್ನೆ ಬೆಳಿಗ್ಗೆ ಮೈದಾನದಲ್ಲಿ ಶಾಮಿಯಾನ ಎದ್ದಿತ್ತು, ಮೈಕಿನವನು "ಹಲೋ ಹಲೋ" ಅನ್ನುತ್ತಿದ್ದ. ಅತ್ತೆ ಇಸ್ತ್ರಿ ಮಾಡಿದ ಅಂಗಿ ಹಿಡಿದು ಮನೆಯೆಲ್ಲ ಹುಡುಕಿದರೂ ಮಾವ ಇಲ್ಲ. ಮೊದಲ ಬಸ್ಸಿಗೆ ಹೊರಟು, ಸಂಡೂರಿನಲ್ಲಿ ಇಳಿದು, ದೋಣಿಮಲೈಯ ನನ್ನ ತವರುಮನೆ ಸೇರಿದ್ದರು. ಕ್ವಾರ್ಟರ್ಸಿನ ಬಾಗಿಲು ತೆಗೆದ ನನ್ನ ಅಮ್ಮ ಗಾಬರಿಯಾದರೆ, "ಏನಿಲ್ಲ ಬೀಗರ, ನಿಮ್ಮ ಕಡಿ ಹಸಿರು ನೋಡಿ ಭಾಳ ದಿನ ಆಗಿತ್ತು" ಅಂದರಂತೆ. ಗಣಿ ಊರಿನಲ್ಲಿ ಹಸಿರು! ಆಮೇಲೆ ಸುಮ್ಮನೆ ಕೂರಲಾರದೆ ಅಮ್ಮನನ್ನು ಅಡುಗೆಮನೆಯಿಂದ ಹೊರಗೆ ಹಾಕಿ ಉಪ್ಪಿಟ್ಟು ಮಾಡಿದ್ದಾರೆ. ಮೂರು ಜನರಿಗೆ ಮಾಡಿದ್ದು ಇಡೀ ಲೈನಿನ ಕ್ವಾರ್ಟರ್ಸಿಗೆ ಆಯಿತಂತೆ. ನನ್ನ ಅಪ್ಪ ಫೋನಿನಲ್ಲಿ, "ನಿಮ್ಮ ಮಾವನ್ನ ಇಲ್ಲೇ ಬಿಟ್ಟುಬಿಡು ಪಲ್ಲವಿ, ಕ್ಯಾಂಟೀನಿನವರು ಕೇಳ್ತಾ ಇದ್ದಾರೆ" ಅಂತ ನಗುತ್ತಿದ್ದರು.

ಇಲ್ಲಿ ಅತ್ತೆ ಸೆರಗು ಸಿಕ್ಕಿಸಿ, "ಕಾರ್ಗಿಲಿನಾಗ ಓಡದ ಮನುಷ್ಯ ಬುಕ್ಕಸಾಗರದಾಗ ಓಡಿದ ನೋಡ್ರಿ" ಅಂದರು. ಮೈದಾನದಲ್ಲಿ ಲಿಂಗರಾಜ್ ಖಾಲಿ ಕುರ್ಚಿಗೆ ಶಾಲು ಹೊದಿಸಿ, ಮತ್ತೆ ಮಡಚಿ ಮನೆಗೆ ತಂದ. ಕೋಪವಿಲ್ಲ, ಪಾಪ, ಮುಖ ಮಾತ್ರ ಸಣ್ಣಗಾಗಿತ್ತು. "ಅಕ್ಕಾ, ಈ ಶಾಲು ಅವರ್ದೇ. ಆಗಸ್ಟ್ ಹದಿನೈದಕ್ಕ ಇನ್ನೊಂದು ಸಲ ನೋಡಾಣ. ಆಗ್ಲೂ ಬರಂಗಿಲ್ಲಂದ್ರ ನಾ ಕೇಳಂಗಿಲ್ಲ."

ಸಂಜೆ ಮಾವ ಬಂದರು. ಕೈಯಲ್ಲಿ ನಾಗುವಿಗೆ ಒಂದು ಗಿಲಕಿ. ಸ್ಟೋವಿನ ಮೇಲಿನ ಗೋಣಿಚೀಲ ಇನ್ನೂ ಹಾಗೇ ಇದೆ. ನನಗೆ ಅದನ್ನು ನೋಡಲು ಆಗುತ್ತಿಲ್ಲ.

ಆಗಸ್ಟ್ ಹದಿನೈದಕ್ಕೆ ನಾಗುವಿಗೆ ಆರು ತಿಂಗಳು ತುಂಬುತ್ತದೆ. ಡಾಕ್ಟರು ಅನ್ನ ಶುರು ಮಾಡಿ ಅಂದಿದ್ದಾರೆ. ಗಂಟಲಿಗೆ ಸಿಕ್ಕಿದರೆ? ಒಗ್ಗದಿದ್ದರೆ? ಕೇಳಲು ನೀವಿಲ್ಲ, ಮಾವ ಮಾತಾಡುತ್ತಿಲ್ಲ.

ಪಲ್ಲವಿ


ಮೇಲಿನ ಠಾಣೆ
26 ಜುಲೈ 2024

ನಾಗುವಿನ ಅವ್ವನಿಗೆ,

ನಿನ್ನ ಹದಿನಾಲ್ಕರ ಕಾಗದ ನಿನ್ನೆ ಬಂತು. ಇವತ್ತೇ ಬರೆಯುತ್ತಿದ್ದೇನೆ. ನಾಳೆ ಕೆಳಗಿಳಿಯುವವನ ಕೈಯಲ್ಲಿ ಕೊಡಬೇಕು.

ಆ ಇನ್ನೊಬ್ಬ ನಾನು.

ಆರನೇ ಕ್ಲಾಸಿನಲ್ಲಿದ್ದಾಗ ನಿಮ್ಮಪ್ಪ ಏನು ಕೆಲಸ ಅಂತ ಮೇಷ್ಟ್ರು ಎಲ್ಲರನ್ನೂ ಕೇಳುತ್ತಿದ್ದರು. ಹಿಂದಿನ ಬೆಂಚಿನವನು "ಇವರಪ್ಪ ಮಿಲ್ಟ್ರಿಯಾಗ ಒಗ್ಗರಣಿ ಹಾಕ್ತಾನ್ರೀ" ಅಂದ. ಇಡೀ ಕ್ಲಾಸು ನಕ್ಕಿತು. ನಾನು ಎದ್ದು ನಿಂತು, "ಸುಳ್ಳು ಸರ್, ನಮ್ಮಪ್ಪ ಫಿರಂಗಿ ಹಾರಿಸ್ತಾನ" ಅಂದೆ. ಅದೇ ತಿಂಗಳು ಅಪ್ಪ ರಜೆಗೆ ಬಂದ. ಮೇಷ್ಟ್ರು ಅವನನ್ನು ಶಾಲೆಗೆ ಕರೆಸಿ, ಎಲ್ಲರ ಎದುರು, "ಎಷ್ಟು ಗುಂಡು ಹಾರಿಸಿದ್ರಿ ಗಾದಿಲಿಂಗಪ್ಪ?" ಅಂತ ಕೇಳಿದರು. ಅಪ್ಪ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅಪ್ಪ ಹೇಳಿದ: "ಎಣಿಸಿಲ್ರೀ ಸರ್."

ಅಷ್ಟೇ. ಮನೆಗೆ ಹೋಗುವಾಗ ಒಂದು ಮಾತು ಬೈಯಲಿಲ್ಲ. ಬಸ್ ಸ್ಟಾಪಿನಲ್ಲಿ ಮಂಡಕ್ಕಿ ಕೊಡಿಸಿದ. ಅವತ್ತಿನಿಂದ ಊರಿಗೆಲ್ಲ ಅವನು ಫಿರಂಗಿಯ ಮಿಲ್ಟ್ರಿ. ನನ್ನ ಸುಳ್ಳನ್ನು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಅವನು ಹೊತ್ತಿದ್ದಾನೆ.

ನಾನು ಸೈನ್ಯ ಸೇರಿದ ಮೇಲೆ ಅಪ್ಪನ ಕಾಲದ ಸುಬೇದಾರರೊಬ್ಬರು ಸಿಕ್ಕಿದ್ದರು. ನನ್ನ ಹೆಸರಿನ ಪಟ್ಟಿ ನೋಡಿ, ಊರು ಕೇಳಿ, ತಬ್ಬಿಕೊಂಡರು. ಅಪ್ಪನ ಎಡಗೈಯ ಎರಡು ಬೆರಳಿನ ತುದಿ ಹೋದದ್ದು ಹೇಗೆ ಅಂತ ಅವರೇ ಹೇಳಿದ್ದು. ಮೇಲೆ ಮೂರು ದಿನದಿಂದ ಜವಾನರು ಒಣ ಪೂರಿ ತಿನ್ನುತ್ತಿದ್ದರಂತೆ. ಅಪ್ಪ ಬೇಳೆಯ ಕ್ಯಾನು ಬೆನ್ನಿಗೆ ಕಟ್ಟಿಕೊಂಡು ಹತ್ತಿದ್ದಾನೆ. ಬೇಳೆ ತಣ್ಣಗಾಗಬಾರದು ಅಂತ ತನ್ನ ಎಡಗೈಯ ಕೈಗವಸು ಬಿಚ್ಚಿ ಕ್ಯಾನಿನ ಮುಚ್ಚಳಕ್ಕೆ ಸುತ್ತಿದ್ದಾನೆ. ಬೆರಳಿನ ತುದಿ ಹಿಮದ ಪಾಲಾಯಿತು. ಆ ಸುಬೇದಾರರು ನನಗೆ ಹೇಳಿದ್ದು ಒಂದೇ ಮಾತು: "ಬೇಟಾ, ಬೇಳೆ ಬಿಸಿಯಾಗಿತ್ತು." ಹೇಳಿ ಅತ್ತರು.

ಇದು ನನಗೆ ಗೊತ್ತು ಅಂತ ಅಪ್ಪನಿಗೆ ಇವತ್ತಿನವರೆಗೂ ಹೇಳಿಲ್ಲ. ಹೇಳಿದರೆ ಶಾಲೆಯ ಮಾತು ಬರುತ್ತದೆ ಅಂತ ನಾಚಿಕೆ.

ಈ ಕಾಗದವನ್ನು ಮೊದಲು ಅಪ್ಪನಿಗೆ ಓದು. ಇವತ್ತಿನ ಸನ್ಮಾನಕ್ಕೆ ಇದು ತಲುಪುವುದಿಲ್ಲ, ಗೊತ್ತು; ಅವನು ಒಪ್ಪಿದರೆ ಮುಂದೆ ಊರು ಸೇರಿದಾಗ ಅದೇ ಮೈದಾನದಲ್ಲಿ, ಮೈಕಿನಲ್ಲಿ ಓದು. ನನ್ನ ಮರ್ಯಾದೆಯ ಚಿಂತೆ ಬೇಡ ಅಂತ ಹೇಳು. ಇಲ್ಲಿ ದಿನಕ್ಕೆ ಮೂರು ಹೊತ್ತು ನನ್ನ ಮರ್ಯಾದೆ ಉಳಿಸುವವನು ನೇಗಿ. ಅವನಿಗೆ ಇದನ್ನೆಲ್ಲ ಹಿಂದಿಯಲ್ಲಿ ಹೇಳಿದೆ. ಎದ್ದು ಹೋಗಿ ಸೌಟನ್ನು ಬೂದಿ ಹಾಕಿ ತಿಕ್ಕಿ ಹೊಳೆಯುವಂತೆ ಮಾಡಿದ. ನಿಮ್ಮ ತಂದೆಯವರಿಗೆ ನನ್ನ ಸೆಲ್ಯೂಟ್ ಬರೆಯಿರಿ ಅಂದಿದ್ದಾನೆ. ಬರೆದಿದ್ದೇನೆ.

ನೀನೂ ಫೋಟೋ ಕತ್ತರಿಸಿದೆ ಅಂತ ಅಳಬೇಡ. ಆ ಕತ್ತರಿ ಮೊದಲು ಹಿಡಿದವನು ನಾನು.

ನಿನ್ನ,
ಹಾಲೇಶ್


ಬುಕ್ಕಸಾಗರ
16 ಆಗಸ್ಟ್ 2024

ನಾಗುವಿನ ಅಪ್ಪನಿಗೆ,

ನಾನು ಮಲಗಿದೆ! ನಿನ್ನೆ ಸಂಜೆ ಮಲಗಿದವಳು ಇವತ್ತು ಬಿಸಿಲು ಬಂದ ಮೇಲೆ ಎದ್ದೆ. ಉಸಿರು ಎಣಿಸಲಿಲ್ಲ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ನಿಮ್ಮ ಕಾಗದ ಒಂಬತ್ತನೇ ತಾರೀಖು ಬಂತು. ಮಾವ ಕಟ್ಟೆಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತು ಓದಿದೆ. "ಎಣಿಸಿಲ್ರೀ ಸರ್" ಬಂದಾಗ ಅವರ ಕೈ ನಿಂತಿತು. "ಬೇಳೆ ಬಿಸಿಯಾಗಿತ್ತು" ಬಂದಾಗ ಎದ್ದು ಒಳಗೆ ಹೋಗಿ, ಮುಖ ತೊಳೆದುಕೊಂಡು ಬಂದು ಕೂತರು. ಹುಣಸೆಹಣ್ಣಿಗೆ ಮತ್ತೆ ಕೈ ಹಾಕಿ ಕೇಳಿದ ಪ್ರಶ್ನೆ ಇದು: "ಆ ನೇಗಿ ಬ್ಯಾಳಿಗೆ ಉಪ್ಪು ಯಾವಾಗ ಹಾಕ್ತಾನಂತ?"

ಮರುದಿನ ಬೆಳಕು ಹರಿಯುವ ಮೊದಲು ಸ್ಟೋವ್ ಬುಸ್ ಅಂದಿತು. ಅತ್ತೆ ಹಾಸಿಗೆಯಲ್ಲೇ ಎದ್ದು ಕೂತು, "ಹೋತು ನನ್ನ ಹಾಲು" ಅಂದರು. ಅಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಭೀಮವ್ವ ಚಹಾ ಕುಡಿದು ಮಾವನಿಗೆ, "ಒಂದು ತಿಂಗಳ ಬಾಕಿ ಐತಿ, ಇವತ್ತು ಎರಡೆರಡು ಲೋಟ" ಅಂತ ಜಗಳ ತೆಗೆದಳು.

ಕಾಗದವನ್ನು ಮೈಕಿನಲ್ಲಿ ಓದಲು ಮಾವ ಒಪ್ಪಿದರು, ಆದರೆ ಲಿಂಗರಾಜನಿಗೆ ಮೂರು ಷರತ್ತು ಹಾಕಿದರು. ಬಂದೂಕಿನ ಫ್ಲೆಕ್ಸ್ ಇಳಿಸಬೇಕು. ತಾವು ಕುರ್ಚಿಯ ಮೇಲೆ ಕೂರುವುದಿಲ್ಲ, ಊರಿಗೆಲ್ಲ ಅಡುಗೆ ಮಾಡುತ್ತಾರೆ. ಉಂಡವರು ತಟ್ಟೆ ತಾವೇ ತೊಳೆಯಬೇಕು, ಪಂಚಾಯ್ತಿ ಮೆಂಬರಾದರೂ ಸರಿ. ಲಿಂಗರಾಜ್ "ಮೂರನೇದೇ ಕಷ್ಟ ಮಾಮ" ಅಂದ, ಆದರೂ ಒಪ್ಪಿದ.

ಅಂಜಿನಿಗೆ ಈ ಸಲ ಪೂರ್ತಿ ಫೋಟೋ ಕಳಿಸಿದೆ. "ಅಕ್ಕಾ, ಸೌಟು ಭಾಳ ಉದ್ದ ಐತಿ, ಫ್ಲೆಕ್ಸಿನಾಗ ಹಿಡಿಯಂಗಿಲ್ಲ" ಅಂದ. ಕತ್ತರಿಸಿದರೆ ನೋಡು ಅಂದೆ. ಈಗ ಬಸ್ ಸ್ಟಾಪಿಗೆ ಹೋಗಿ ನೋಡಬೇಕು ನೀವು. ಸೌಟಿನ ತುದಿಯನ್ನು ಪ್ಲೈವುಡ್ಡಿನಲ್ಲಿ ಮಾಡಿ, ಫ್ಲೆಕ್ಸಿನಿಂದ ಎರಡು ಅಡಿ ಮೇಲಕ್ಕೆ ಎದ್ದು ನಿಲ್ಲುವಂತೆ ಕಟೌಟ್ ಹಾಕಿದ್ದಾನೆ. ಹಂಪಿಗೆ ಹೋಗುವ ಟೂರಿಸ್ಟರು ಗಾಡಿ ನಿಲ್ಲಿಸಿ ಫೋಟೋ ಹೊಡೆಯುತ್ತಿದ್ದಾರೆ. ಹುಲಿ ಹೋಗಿದೆ.

ನಿನ್ನೆ ಮೈದಾನದಲ್ಲಿ ಬಾವುಟ ಏರಿದ ಮೇಲೆ ನಾನು ನಿಮ್ಮ ಕಾಗದ ಓದಿದೆ. ಯಾರೂ ನಗಲಿಲ್ಲ. ಆ ಹಿಂದಿನ ಬೆಂಚಿನವನು ಯಾರು ಅಂತ ನೀವು ಬರೆದಿರಲಿಲ್ಲ. ಆದರೆ ಓದಿ ಮುಗಿಸುವಷ್ಟರಲ್ಲಿ ಲಿಂಗರಾಜ್ ತಲೆ ತಗ್ಗಿಸಿಕೊಂಡು ಎದ್ದು, ಶಾಲು ಹಿಡಿದು, ವೇದಿಕೆ ಬಿಟ್ಟು ಕೊಪ್ಪರಿಗೆಯ ಹತ್ತಿರ ನಡೆದುಹೋದ. ಬೇಳೆ ತಿರುಗಿಸುತ್ತಿದ್ದ ಮಾವನ ಹೆಗಲಿಗೆ ಅಲ್ಲೇ ಶಾಲು ಹೊದಿಸಿದ. "ಒಗ್ಗರಣಿ ಹಾಕ್ತಾನ ಅಂದಾವ ನಾನೇ ಮಾಮ" ಅಂದ. ಮಾವ ತಿರುಗದೆಯೇ, "ಸುಳ್ಳೇನು ಹೇಳಿಲ್ಲ ಬಿಡಲೇ. ಸರಿ, ಆ ಸಾಸಿವಿ ಡಬ್ಬಿ ಕೊಡಿಲ್ಲಿ" ಅಂದರು. ಶಾಲಿನ ಮೇಲೆಲ್ಲ ಈಗ ಅರಿಸಿನದ ಕಲೆ.

ಊಟಕ್ಕೆ ಮೊದಲು ಮಾವ ಆರು ತಟ್ಟೆ ಬಡಿಸಿ, ಬಾವುಟದ ಕಂಬದ ಕೆಳಗೆ ಎಡೆ ಇಟ್ಟು, ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಬಲಗೈಯಲ್ಲಿ ಸೌಟು ಇದ್ದದ್ದನ್ನು ಮರೆತಿದ್ದರು. ಬೇಳೆ ಹಣೆಯ ಮೇಲೆ ಇಳಿಯಿತು. ಆಗಲೂ ಯಾರೂ ನಗಲಿಲ್ಲ. ಮಾವನೇ ಮೊದಲು ನಕ್ಕರು, ಆಮೇಲೆ ಇಡೀ ಮೈದಾನ. ಕೊನೆಗೆ ಪಂಚಾಯ್ತಿ ಮೆಂಬರು ನಲ್ಲಿಯ ಮುಂದೆ ಪಾಳಿಯಲ್ಲಿ ನಿಂತು ತಟ್ಟೆ ತೊಳೆದದ್ದನ್ನು ಅತ್ತೆ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡಿದ್ದಾರೆ.

ನಾಗುವಿಗೆ ಅನ್ನ ತಿನ್ನಿಸುವ ಹೊತ್ತಾಯಿತು. ಚಮಚವನ್ನು ಹತ್ತು ನಿಮಿಷ ಕುದಿಸಿದ್ದೆ. ಮಾವ ಅದನ್ನು ಕಸಿದುಕೊಂಡು ಮತ್ತೆ ಹತ್ತು ನಿಮಿಷ ಕುದಿಸಿ, "ಲಂಗರಿನ ಆರ್ಡರ್ ಇಪ್ಪತ್ತು" ಅಂದರು. ಆಮೇಲೆ ನನಗೆ ಮಾತ್ರ ಕೇಳುವಂತೆ ಹೇಳಿದರು: "ಇನ್ನೂರು ಮಂದಿಗೆ ಉಣಿಸಿದ ಕೈ ಇದು. ಒಬ್ಬರ ಗಂಟಲಿಗೂ ಸಿಕ್ಕಿಲ್ಲ. ನೀ ಉಸಿರು ಬಿಡು ಯವ್ವಾ." ಬಿಟ್ಟೆ. ನಿಮಗೆ ಅಲ್ಲಿ ಉಣಿಸುವ ಕೈಯೂ ಇಂಥದ್ದೇ ಅಂತ ಅನ್ನಿಸಿತು. ಅದಕ್ಕೇ ಮಲಗಿದೆ.

ಕೆಳಗೆ ಮಾವ ತಾವೇ ನಾಲ್ಕು ಸಾಲು ಬರೆಯುತ್ತಾರಂತೆ. ಪೆನ್ನು ಕೊಡುತ್ತಿದ್ದೇನೆ.

ನಿದ್ದೆ ಸಿಕ್ಕಿದ,
ಪಲ್ಲವಿ

ಹಾಲೇಶ್,

ನೇಗಿಗೆ ನನ್ನ ರಾಮ್ ರಾಮ್ ಹೇಳು. ಆ ಎತ್ತರದಾಗ ಬ್ಯಾಳಿ ಹಿಂದಿನ ದಿನಾನೆ ನೆನಿ ಹಾಕಬೇಕು, ಉಪ್ಪು ಬೆಂದ ಮ್ಯಾಲೆ ಹಾಕಬೇಕು. ಸ್ಟೋವಿನ ಪಿನ್ನು ಎದಿ ಕಿಸೆದಾಗ ಇಟ್ಕಳ್ಳಾಕ ಹೇಳು, ಥಂಡಿಗೆ ಕೈ ಜೋಮು ಹಿಡದು ಕಳೀತಾವು.

ಸಾಲಿ ಮಾತು ಬಿಡು. ಅವತ್ತಿನ ಮಂಡಕ್ಕಿ ಚೊಲೋ ಇತ್ತು.

ನಿನ್ನ ಮಗಳು ಮೊದಲನೇ ತುತ್ತು ನನ್ನ ಮೀಸಿಗೆ ಉಗುಳಿದಳು. ಎರಡನೇದು ನುಂಗಿದಳು. ಮೂರನೇದಕ್ಕ ತಾನೇ ಬಾಯಿ ತೆಗೆದಳು.

ನಿನ್ನ ತಟ್ಟಿ ಇಲ್ಲಿ ಗೂಡಿನಾಗ ಬೋರಲು ಹಾಕಿಟ್ಟೀನಿ. ಬಾ, ಉಣ್ಣು. ಉಂಡ ಮ್ಯಾಲೆ ನಾ ತೊಳಿಯಂಗಿಲ್ಲ. ನೀನೇ ತೊಳೀಬೇಕು.

ನಿನ್ನ ಅಪ್ಪ,
ಗಾದಿಲಿಂಗಪ್ಪ, ಲಂಗರ್